ಬರ್ತೀನಿ ಅಂದ ಮನೆ

ಸಾವಿನ ಮನೆಯ ಹೊಸಿಲಲ್ಲಿ ನಿಂತು 'ಬರ್ತೀನಮ್ಮ' ಅಂದುಬಿಟ್ಟಿದ್ದಳು. ಮೊನ್ನೆಯಿಂದ ಆ ಒಂದು ಮಾತು ಮಹಾಲಕ್ಷ್ಮಿಯ ಗಂಟಲಲ್ಲಿ ರಾಗಿಯ ಹೊಟ್ಟಿನ ಹಾಗೆ ಅಂಟಿಕೊಂಡಿತ್ತು. ನೀರು ಕುಡಿದರೆ ಇಳಿಯದು, ಕೆಮ್ಮಿದರೆ ಬಾರದು. ಬೇರೆ ಯಾವ ಮನೆಯಲ್ಲಾದರೂ ಅದೇ ಸರಿಯಾದ ಮಾತು. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ಮಾತು ಕಲಿಯುವ ವಯಸ್ಸಿನಲ್ಲೇ ಯಾರಾದರೂ ಕಲಿಸಿರುತ್ತಾರೆ. ಹೆಣ ಮಲಗಿರುವ ಮನೆಯಲ್ಲಿ ಮಾತ್ರ ಏನೂ ಅನ್ನದೆ, ಯಾರ ಮುಖವನ್ನೂ ನೋಡದೆ ಎದ್ದು ಬಂದುಬಿಡಬೇಕು; ಅಲ್ಲಿ ಬರ್ತೀನಿ ಅಂದರೆ ಇಂಥದೇ ಇನ್ನೊಂದು ಕೆಲಸಕ್ಕೆ ಬರುತ್ತೇನೆ ಅಂದ ಹಾಗೆ. ಅದನ್ನೂ ಅವಳು ಅದೇ ವಯಸ್ಸಿನಲ್ಲಿ ಕಲಿತಿದ್ದಳು. ಆದರೆ ವಾರ್ಡು ಹೆಂಗಸರಿಗೆ ಮೀಸಲಾಗಿ, ಗಂಡ ಮುನೀಂದ್ರ ತಾನು ನಿಲ್ಲಬೇಕೆಂದಿದ್ದ ಕಾರ್ಪೊರೇಷನ್ ಚುನಾವಣೆಗೆ ಅವಳನ್ನು ನಿಲ್ಲಿಸಿದ ಮೇಲೆ, ಮನೆಮನೆಯ ಬಾಗಿಲಲ್ಲಿ ಕೈಮುಗಿದೂ ಮುಗಿದೂ ಕೈ ಜೋಡಿಸಿದ ಕೂಡಲೇ ನಾಲಿಗೆ ತಾನಾಗಿ ಆ ಮಾತನ್ನು ಆಡಿಬಿಡುತ್ತಿತ್ತು. ಮೊನ್ನೆ ಭಜನೆ ಮಂದಿರದ ಮುದುಕ ರಾಮಯ್ಯನ ಹೆಣ ಚಾಪೆಯ ಮೇಲಿತ್ತು. ತಲೆಯ ಬಳಿ ಅವನ ಹೆಂಡತಿ ಕೃಷ್ಣಮ್ಮ ಕೂತಿದ್ದಳು. ಮುನೀಂದ್ರ ಹಾರ ಹಾಕಿದ, ಇವಳು ಕೈ ಜೋಡಿಸಿದಳು, ಮಾತು ಬಿತ್ತು. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದ್ದು ಅವಳಿಗೆ ಕೇಳಿಸಿತು. ಯಾರೋ ಲೊಚಗುಟ್ಟಿದರು. ಕೃಷ್ಣಮ್ಮ ಮಾತ್ರ ತಲೆ ಎತ್ತಿ ಅವಳನ್ನೇ ನೋಡಿದಳು. ಅದು ಬೈಯುವ ನೋಟವಾಗಿರಲಿಲ್ಲ, ಏನನ್ನೋ ಕೇಳಿಸಿಕೊಂಡವರ ನೋಟವಾಗಿತ್ತು. ಬೈದಿದ್ದರೆ ವಾಸಿಯಿತ್ತು.

ಜೀಪು ತುಮಕೂರು ರಸ್ತೆಯಲ್ಲಿ, ಏಳುತ್ತಿದ್ದ ಮೆಟ್ರೊ ಕಂಬಗಳ ಸುತ್ತ ಕಟ್ಟಿದ ತಗಡಿನ ಬೇಲಿಗೆ ಒತ್ತಿಕೊಂಡು ನಿಂತಿತ್ತು. ಮುಂದೆ ಲಾರಿ, ಹಿಂದೆ ಲಾರಿ. ಮುಂದಿನ ಸೀಟಿನಿಂದ ಮುನೀಂದ್ರ ದಿನದ ಕಾರ್ಯಕ್ರಮ ಹೇಳುತ್ತಿದ್ದ: ಹೊಂಗೆಮರದ ಕೆಳಗೆ ಟೀ, ದಾಸರಹಳ್ಳಿಯ ವಠಾರದಲ್ಲಿ ಹೆಂಗಸರ ಸಂಘ, ಸಂಜೆ ಭಜನೆ ಮಂದಿರ. ಸ್ಟೇಜು ಬೇಡ, ಮೈಕು ಬೇಡ, ಜನರ ಮಧ್ಯೆ ಚಾಪೆ ಮೇಲೆ ಕೂತ್ಕೊ, ಕೊಟ್ಟಿದ್ದು ಕುಡಿ, ಮಕ್ಕಳನ್ನ ಎತ್ಕೊ, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಅವಳು ಹಾಗೆಯೇ ಕೂತಿದ್ದಳು, ಕುಡಿದಿದ್ದಳು, ಎತ್ತಿಕೊಂಡಿದ್ದಳು. ಆದರೆ ಆ ಚಾಪೆಗಳ ಮೇಲೆ ಅವಳಿಗೆ ಏನಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಒಬ್ಬಳು ನಲ್ಲಿಯ ಬಗ್ಗೆ ಹೇಳಲು ಶುರುಮಾಡಿ, ನಲ್ಲಿಯಿಂದ ಸೊಂಟ ನೋವಿಗೆ, ಸೊಂಟ ನೋವಿನಿಂದ ಸತ್ತ ಕೂಸಿಗೆ ಹೋಗಿ, ಅಲ್ಲಿ ಮಾತು ನಿಲ್ಲಿಸಿ, ಸೆರಗಿನ ತುದಿಯಿಂದ ಚಾಪೆಯ ಧೂಳು ಒರೆಸುತ್ತ ಕೂತುಬಿಡುತ್ತಿದ್ದಳು. ಮುನೀಂದ್ರ ನಲ್ಲಿಗೆ ಉತ್ತರ ಹೇಳುತ್ತಿದ್ದ. ಮಹಾಲಕ್ಷ್ಮಿಯ ಕಣ್ಣು ಆ ಧೂಳು ಒರೆಸುವ ಕೈಯ ಮೇಲೇ ಇರುತ್ತಿತ್ತು. ಇಷ್ಟೆಲ್ಲ ಹೊತ್ತುಕೊಂಡು ಈ ಜನ ನಸುಕಿನಲ್ಲೆದ್ದು ಫ್ಯಾಕ್ಟರಿಗೆ ಹೋಗಿ ಬಂದು, ಸಂಜೆ ಯಾರೋ ಬಂದರೆಂದು ಚಾಪೆ ಹಾಸಿ ಟೀ ಕಾಸುತ್ತಾರಲ್ಲ ಎಂದು ಅವಳ ಮೈ ಜುಮ್ಮೆನ್ನುತ್ತಿತ್ತು. ದೇವಸ್ಥಾನದ ಗರ್ಭಗುಡಿಯ ಕತ್ತಲಿಗೆ ಇಣುಕಿದಾಗ ಆಗುವ ಹಾಗೆ. ಮಾತಾಡುವ ಸರದಿ ಬಂದಾಗ ಅವಳ ಬಾಯಿಂದ ಬರುತ್ತಿದ್ದುದು ಒಂದೇ: ಮಾಡಿಸಿಕೊಡ್ತೀವಿ.

ಅವಳು ಚಿಕ್ಕವಳಿದ್ದಾಗ ಆನೇಕಲ್ ಕಡೆಯ ತವರಿನ ಜಗಲಿಯಲ್ಲಿ ಅಜ್ಜ ಷಟ್ಪದಿ ಓದುತ್ತಿದ್ದ. ದೀಪಕ್ಕೆ ಎಣ್ಣೆ ಬಿಡುವುದು ಅವಳ ಕೆಲಸ. ಹೊಲದಿಂದ ಬಂದವರು ಕಾಲು ತೊಳೆದು ಗೋಡೆಗೊರಗಿ ಕೂರುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾರು ಯಾರಿಗೆ ಮಾತು ಕೊಡುತ್ತಾರೆ, ಆ ಮಾತಿಗಾಗಿ ಯಾರು ಸಾಯುತ್ತಾರೆ ಎಂದು ಗೊತ್ತಿದ್ದದ್ದೇ. ಆದರೂ ಮಾತು ಕೊಡುವ ಆ ಪದ್ಯ ಬಂದಾಗ ಇಡೀ ಜಗಲಿಯ ಉಸಿರು ನಿಲ್ಲುತ್ತಿತ್ತು, ಈ ಸಲವಾದರೂ ಅವನು ಮಾತು ಕೊಡದೆ ಸುಮ್ಮನಿರಲಿ ಎಂಬಂತೆ. ಓದು ಮುಗಿದ ಮೇಲೆ ಅಜ್ಜ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಆಡಿದ್ದೆಲ್ಲ ಎಲ್ಲಿಗೂ ಹೋಗಲ್ಲ ಕಣೆ, ಅಗೋ ಆ ತೊಲೆ ಮೇಲೆ ಕೂತ್ಕೊಂಡು ನಮ್ಮನ್ನೇ ನೋಡ್ತಿರುತ್ತೆ ಎಂದು ಒಮ್ಮೆ ಅವಳಿಗೆ ಹೇಳಿದ್ದ. ಅವತ್ತಿನಿಂದ ಅವಳು ಮಲಗುವಾಗ ತೊಲೆಯ ಕಡೆಗೆ ನೋಡುತ್ತಿರಲಿಲ್ಲ. ಈಗ ಪೀಣ್ಯದ ಈ ಊರಿನಲ್ಲಿ, ತೊಲೆಯೇ ಇಲ್ಲದ ಆರ್‌ಸಿಸಿ ಮನೆಯಲ್ಲಿ, ಫ್ಯಾನಿನ ಮೇಲೆ ಕೂತಿರಬಹುದಾದ ತನ್ನ 'ಮಾಡಿಸಿಕೊಡ್ತೀವಿ'ಗಳನ್ನು ನೆನೆದು ಮಗ್ಗುಲು ಬದಲಿಸುತ್ತಾಳೆ.

ರಾಮಯ್ಯನಿಗೂ ಅದನ್ನೇ ಹೇಳಿದ್ದಳು. ಹೋದ ವಾರ, ಭಜನೆ ಮಂದಿರದಲ್ಲಿ. ತಾಳ ಕೆಳಗಿಟ್ಟು, ಬೀಡಿಯ ವಾಸನೆಯ ಬಾಯಿಯನ್ನು ಅಂಗೈಯಿಂದ ಮರೆಮಾಡಿಕೊಂಡು ಮುದುಕ ಅವಳ ಹತ್ತಿರ ಬಂದಿದ್ದ. ಊರಿನಿಂದ ಸ್ಮಶಾನಕ್ಕೆ ನೆಟ್ಟಗೆ ಹೋಗುತ್ತಿದ್ದ ಗಾಡಿದಾರಿಗೆ ಅಡ್ಡವಾಗಿ ಮುನೀಂದ್ರ ಶೆಡ್ಡು ಕಟ್ಟಿದ್ದ. ಜಾಗ ಮಹಾಲಕ್ಷ್ಮಿಯ ಹೆಸರಿನಲ್ಲಿತ್ತು, ಶೆಡ್ಡಿನ ಬೋರ್ಡಿನ ಮೇಲೂ ಅವಳದೇ ಹೆಸರಿತ್ತು. ಅಲ್ಲಿಂದೀಚೆಗೆ ಊರಿನ ಹೆಣಗಳು ಸುತ್ತಿ ಬಳಸಿ, ಹೈವೇಯಲ್ಲಿ ಲಾರಿಗಳ ನಡುವೆ ಹೋಗುತ್ತಿದ್ದವು. "ಅವ್ವಾ, ನಮ್ಮಪ್ಪ ಓದ ದಾರೀಲೇ ನಾನೂ ಓಗ್ಬೇಕು ಅಂತ ಆಸೆ," ಅಂದಿದ್ದ ರಾಮಯ್ಯ. ಅವಳು ಕೈಮುಗಿದು, ಮಾಡಿಸಿಕೊಡ್ತೀವಿ ಅಂದಳು. ಅವನಿಗೆ ನಗು ಬಂತು. "ಮಾಡ್ಸೋದೇನೈತವ್ವ ಅದ್ರಲ್ಲಿ. ಬುಡೋದು, ಅಷ್ಟೆ." ಮೊನ್ನೆ ಅವನ ಚಟ್ಟವೂ ಹೈವೇಯಲ್ಲೇ ಹೋಯಿತು. ಹಾರನ್ ಮಾಡುತ್ತಿದ್ದ ಟ್ಯಾಂಕರಿನ ಮುಂದೆ ಮಗ ನರೇಶ ಮಡಕೆ ಹಿಡಿದು ಓಡಿದ್ದನ್ನು ಅವಳು ಇದೇ ಜೀಪಿನ ಕಿಟಕಿಯಿಂದ ನೋಡಿದ್ದಳು.

"ಹಾಲು ತುಪ್ಪಕ್ಕೆ ಹೋಗ್ಬೇಕು," ಅಂದಳು ಈಗ.

ಮುನೀಂದ್ರ ತಿರುಗಿ ನೋಡಿದ. "ಯಾರದ್ದು?"

"ರಾಮಯ್ಯನೋರ್ದು. ಇವತ್ತಿಗೆ ಮೂರು ದಿನ ಅಲ್ವಾ ರೀ."

"ಮರ್ತಿರೋರಿಗೆ ನೆನಪು ಮಾಡಿಕೊಡೋಕಾ? ಆ ಬೀದಿ ವೋಟು ಆಗ್ಲೇ ಅರ್ಧ ಹೋಗಿದೆ ನಿನ್ ಮಾತಿಂದ. ಸುಮ್ನಿರು ಲಕ್ಷ್ಮಿ."

"ಬರ್ತೀನಿ ಅಂದಿದ್ದೀನಲ್ಲ."

ಅವನು ನಗಲು ಹೋದವನು ಕನ್ನಡಿಯಲ್ಲಿ ಅವಳ ಮುಖ ಕಂಡು ಗಡಿಯಾರ ನೋಡಿಕೊಂಡ. ಕೆಟ್ಟವನಲ್ಲ ಮುನೀಂದ್ರ. ಸ್ವಲ್ಪ ಹೊತ್ತು ಕೂತು ಎದ್ದು ಬಂದುಬಿಡು, ನಾನು ಊರೊಳಗೆ ಶೆಡ್ಡಿನ ಮುಂದಿನ ಗೇಟ್ ಹತ್ರ ಜೀಪ್ ತಂದಿರ್ತೀನಿ, ಅಲ್ಲಿ ಮಾತ್ರ ಬಾಯಿ ಬಿಡ್ಬೇಡ ಅಂದ. ಬಾಯಿ ಬಿಡಬೇಡ ಅನ್ನುವುದನ್ನು ತುಂಬ ಮೆತ್ತಗೆ, ಜ್ವರ ಬಂದವರಿಗೆ ಹೇಳುವ ಹಾಗೆ ಹೇಳಿದ.

ಸ್ಮಶಾನ ಅಂದರೆ ಈಗ ಮೂರು ಕಡೆಯೂ ಶೆಡ್ಡುಗಳ ಬೆನ್ನು. ಒಂದು ಕಡೆ ಕಬ್ಬಿಣ ಕಡೆಯುವ ಲೇತು, ಇನ್ನೊಂದು ಕಡೆ ತಗಡು ಒತ್ತುವ ಪ್ರೆಸ್ಸು, ಊರಿನ ಕಡೆಗೆ ಅವಳ ಹೆಸರಿನ ಶೆಡ್ಡಿನ ಸಿಮೆಂಟ್ ಹಾಲೋಬ್ಲಾಕ್ ಗೋಡೆ. ಗೋಡೆಯ ನಡುವೆ, ಡ್ರಮ್ಮು ಸಾಗಿಸಲೆಂದು ಇಟ್ಟ ತಗಡಿನ ಗೇಟು, ಯಾವಾಗಲೂ ಒಳಗಿನಿಂದ ಚಿಲಕ. ಹೈವೇ ಕಡೆಯ ಸಂದಿಯಿಂದ, ಎಣ್ಣೆ ಹಿಡಿದ ಕಬ್ಬಿಣದ ಸುರುಳಿಗಳನ್ನು ದಾಟಿಕೊಂಡು ಅವಳು ಬರಿಗಾಲಲ್ಲಿ ಬಂದಾಗ ಅಲ್ಲಿ ಕೂತಿದ್ದವರ ಮಾತು ನಿಂತು ಮತ್ತೆ ಶುರುವಾಯಿತು. ಸಾವಿನ ಕೆಲಸದಲ್ಲಿ ಯಾರೂ ಯಾರನ್ನೂ ಬನ್ನಿ ಅನ್ನುವುದಿಲ್ಲ. ಒಬ್ಬಳು ಸುಮ್ಮನೆ ಸ್ವಲ್ಪ ಸರಿದಳು, ಅಷ್ಟೇ ಜಾಗ. ಅಷ್ಟು ಜಾಗ ಸಿಕ್ಕಿದ್ದಕ್ಕೆ ಅವಳ ಕಣ್ಣು ತುಂಬಿ ಬಂತು, ಯಾರಾದರೂ ಅದನ್ನು ನಾಟಕ ಅಂದುಕೊಂಡಾರು ಎಂದು ತಲೆ ತಗ್ಗಿಸಿದಳು. ಅಂದುಕೊಂಡರು ಕೂಡ. ಬೆನ್ನ ಹಿಂದೆ ಯಾರೋ, ಕ್ಯಾಮೆರಾದೋನು ಎಲ್ಲಿ, ಕಾಣ್ತಾ ಇಲ್ವಲ್ಲ ಎಂದು ಪಿಸುಗುಟ್ಟಿದರು. ಇನ್ನೊಬ್ಬರು ಮೂಗಿನಲ್ಲೇ ನಕ್ಕರು. ಅವಳು ತನ್ನ ಹೆಬ್ಬೆರಳಿಗೆ ಹತ್ತಿದ ಎಣ್ಣೆಯನ್ನು ಮಣ್ಣಿಗೆ ಉಜ್ಜುತ್ತ ಕೂತಳು.

ಹಸಿ ಮಣ್ಣಿನ ಗುಡ್ಡೆಗೆ ಹಾಲು ಬಿಟ್ಟರು, ತುಪ್ಪ ಬಿಟ್ಟರು. ಬಾಳೆ ಎಲೆಯಲ್ಲಿ ಎಡೆ ಇಟ್ಟರು: ಮುದ್ದೆ, ಬಸ್ಸಾರು, ಹೋಟೆಲಿನ ವಡೆ, ಒಂದು ಕಟ್ಟು ಬೀಡಿ, ಲೋಟದಲ್ಲಿ ಟೀ. ನರೇಶ ಅಪ್ಪನ ತಾಳವನ್ನೂ ಎಲೆಯ ಪಕ್ಕ ಇಟ್ಟ. ಆಮೇಲೆ ಎಲ್ಲರೂ ಹಿಂದೆ ಸರಿದು ಕೂತರು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತವನಿಗೆ ತೃಪ್ತಿ. ಮುಟ್ಟದಿದ್ದರೆ ಅವನಿಗೆ ಏನೋ ಉಳಿದಿದೆ. ಒಂದು ಕಾಗೆ ಬಂತು ಕೂಡ. ಬಂದು ಎಡೆಯ ಹತ್ತಿರ ಇಳಿಯದೆ ಊರಿನ ಕಡೆಯ ಆ ಹಾಲೋಬ್ಲಾಕ್ ಗೋಡೆಯ ಮೇಲೆ ಕೂತಿತು. ಕತ್ತು ವಾಲಿಸಿ ಎಲೆಯನ್ನು ನೋಡಿತು, ಜನರನ್ನು ನೋಡಿತು, ಕೊಕ್ಕನ್ನು ಗೋಡೆಗೆ ಮಸೆಯಿತು.

ರಾಮಯ್ಯನ ಅಕ್ಕ ಮುನಿಯಕ್ಕ, ಬಾಯಲ್ಲಿ ಒಂದು ಹಲ್ಲೂ ಇಲ್ಲದ ಮುದುಕಿ, ಸೊಂಟದ ಮೇಲೆ ಕೈಯಿಟ್ಟು ಕಾಗೆಯ ಜೊತೆ ಮಾತಿಗಿಳಿದಳು. "ಏನ್ಲಾ ರಾಮ, ಬಿಗುಮಾನ ಮಾಡ್ತೀಯ? ವಡೆ ತಣ್ಣಗಾಯ್ತದೆ, ಬಾರ್ಲಾ." ಕಾಗೆ ಅತ್ತ ತಿರುಗಿತು. "ನೋಡು, ಬದುಕಿದ್ದಾಗ್ಲೂ ಇಂಗೇ. ಊಟಕ್ಕೆ ಕರೆದ್ರೆ ಬೆನ್ನು ತಿರುಗ್ಸೋನು." ಕೆಲವರು ನಕ್ಕರು. ನಗುತ್ತಲೇ ಕೃಷ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನಗು ನಿಂತಿತು, ಕಾಗೆ ಮಾತ್ರ ಕೂತಲ್ಲೇ ಇತ್ತು. ಬಿಸಿಲು ಏರಿತು. ಪ್ರೆಸ್ಸಿನ ಏಟು ನೆಲದೊಳಗಿನಿಂದ ಬಂದು ಕೂತವರ ಬೆನ್ನುಮೂಳೆಗೆ ತಾಗುತ್ತಿತ್ತು. ಸತ್ತವರಿಗೂ ತಾಗುತ್ತಿರಬಹುದು ಅನ್ನಿಸಿತು ಮಹಾಲಕ್ಷ್ಮಿಗೆ.

ಆಗ ಒಬ್ಬೊಬ್ಬರಾಗಿ ಎದ್ದು ಮಾತು ಕೊಡಲು ಶುರುಮಾಡಿದರು. ಅದೇ ಪದ್ಧತಿ. ಕಾಗೆ ಮುಟ್ಟದಿದ್ದರೆ ಉಳಿದವರು ಮಾತು ಕೊಡಬೇಕು. ಯಾರ ಮಾತಿಗೆ ಅದು ಇಳಿಯುತ್ತದೋ ಅದೇ ಅವನ ಮನಸ್ಸಿನಲ್ಲಿದ್ದದ್ದು. ನರೇಶ ಕೈಕಟ್ಟಿ ನಿಂತು, ಅಪ್ಪಾ, ಅವ್ವನ್ನ ನನ್ನ ಜೊತೇಲೇ ಇಟ್ಕೋತೀನಿ, ಕುಡಿಯೋದು ಬಿಡ್ತೀನಿ ಅಂದ. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಹೇಳಿ ಅವನೇ ಬೆಚ್ಚಿದ ಹಾಗೆ ಕಂಡ. ಕಾಗೆ ಇಳಿಯಲಿಲ್ಲ. ರಾಮಯ್ಯನ ತಮ್ಮ ಸೋಮಪ್ಪ ಎದ್ದ. ಪಾಲಿನ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟಿದ್ದವನು. ನೆಲ ನೋಡುತ್ತ, ತಪ್ಪು ನಂದೂ ಇತ್ತು ಕಣಣ್ಣ, ನಿನ್ನ ಮಕ್ಕಳ ಮನೆಗೆ ಓಗಿ ಬಂದು ಮಾಡ್ತೀನಿ ಅಂದ, ಕೂರುವಾಗ ಮುಗ್ಗರಿಸಿದ. ಕಾಗೆ ಇಳಿಯಲಿಲ್ಲ. ಫ್ಯಾಕ್ಟರಿಯ ಐಡಿ ಕಾರ್ಡನ್ನು ಕತ್ತಿನಿಂದ ತೆಗೆಯಲೂ ಮರೆತು ಬಂದಿದ್ದ ಅಳಿಯ, ಭಜನೆಯ ಜೊತೆಗಾರರು, ಎಲ್ಲರೂ ಎದ್ದರು. ಮಹಾಲಕ್ಷ್ಮಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಎಷ್ಟು ಚಾಪೆಗಳ ಮೇಲೆ ಅವಳು ಭರವಸೆ ಕೊಟ್ಟಿಲ್ಲ! ಕೊಡುವಾಗ ಯಾರಾದರೂ ಹೀಗೆ ಬೆಚ್ಚಿದ್ದನ್ನು, ಮುಗ್ಗರಿಸಿದ್ದನ್ನು ನೋಡಿರಲಿಲ್ಲ. ಇಲ್ಲಿ ಕೇಳಿಸಿಕೊಳ್ಳುವವನು ಮಣ್ಣಿನೊಳಗಿದ್ದ, ಒಪ್ಪಿಕೊಳ್ಳಬೇಕಾದದ್ದು ಒಂದು ಹಕ್ಕಿ. ಅದಕ್ಕೆ ಮೋಸ ಮಾಡಬಹುದೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಂತಿರಲಿಲ್ಲ. ಅಜ್ಜನ ಜಗಲಿ ಇದೇ. ಉಸಿರು ಹಿಡಿದು ಕೂತ ಅದೇ ಜನ. ತೊಲೆಯ ಮೇಲೆ ಕೂತಿದ್ದದ್ದು ಎದ್ದು ಬಂದು ಆ ಗೋಡೆಯ ಮೇಲೆ, ಅವಳ ಹೆಸರಿನ ಗೋಡೆಯ ಮೇಲೆ ಕೂತಿದೆ.

ಗೋಡೆಯ ಕಡೆಗೆ ಯಾರೂ ಕೈ ತೋರಿಸಲಿಲ್ಲ. ಅವಳ ಕಡೆಗೂ ನೋಡಲಿಲ್ಲ. ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಡುತ್ತಿದ್ದಾರೆ ಎಂಬುದು ಅವರ ಕತ್ತುಗಳಲ್ಲಿ ಕಾಣುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕೃಷ್ಣಮ್ಮನಿಗೆ ಗೊತ್ತಿತ್ತು, ಕಾಗೆಗೆ ಗೊತ್ತಿತ್ತು. ಬ್ಯಾಗಿನಲ್ಲಿ ಫೋನು ಗುರ್ರೆಂದಿತು, ಮುನೀಂದ್ರ. ಸಂಘದ ಹೆಂಗಸರು ಕಾಯುತ್ತಿರಬಹುದು. ಆ ಶೆಡ್ಡಿನ ಬಾಡಿಗೆಯಲ್ಲೇ ಮನೆ ನಡೆಯುತ್ತಿತ್ತು, ಜೀಪೂ ನಡೆಯುತ್ತಿತ್ತು. ತಾನು ಮಾತು ಕೊಟ್ಟರೆ ಇವತ್ತು ಸಂಜೆಯೊಳಗೆ ಅದು ವೋಟಿಗಾಗಿ ಕೊಟ್ಟ ಮಾತಾಗುತ್ತದೆ, ಮುನೀಂದ್ರನೇ ಅದನ್ನು ಹಾಗೆ ಮಾಡಿಬಿಡುತ್ತಾನೆ. ಗೆದ್ದ ಮೇಲೆ ನೋಡೋಣ ಅನ್ನುತ್ತಾನೆ. ಕೊಡದಿದ್ದರೆ? ಈ ಜನ ಸಂಜೆಯವರೆಗೂ ಹೀಗೇ ಕೂರುತ್ತಾರೆ. ಮುದ್ದೆ ಒಣಗುತ್ತದೆ. ರಾಮಯ್ಯ ತಾಳ ಹಿಡಿಯದೆ, ವಡೆ ತಿನ್ನದೆ ಹೈವೇಯ ಧೂಳಿನಲ್ಲಿ ದಾರಿ ಹುಡುಕುತ್ತಿರುತ್ತಾನೆ. ಅವಳ ಮೊಣಕಾಲು ತಾನಾಗಿ ನೆಟ್ಟಗಾಯಿತು. ಎದ್ದು ನಿಂತಿದ್ದಳು. ಅಷ್ಟು ಮುಖಗಳು ಈಗ ಒಟ್ಟಿಗೆ ತಿರುಗಿದವು. ಮಾಡಿಸಿಕೊಡ್ತೀವಿ ಅನ್ನುವ ಮಾತು ರೂಢಿಯಂತೆ ಮೊದಲು ಬಂತು, ಅದನ್ನು ಹಲ್ಲಿನ ಹಿಂದೆ ತಡೆದಳು. ಅದಲ್ಲ. ಬಿಡ್ತೀನಿ. ದಾರಿ ಬಿಡ್ತೀನಿ ಅನ್ನಬೇಕು, ಅಷ್ಟೆ. ಅವಳು ಉಸಿರು ಎಳೆದುಕೊಂಡಳು.

ಕಾಗೆ ಇಳಿಯಿತು.

ಅವಳ ಬಾಯಿಂದ ಇನ್ನೂ ಏನೂ ಹೊರಟಿರಲಿಲ್ಲ. ಅದು ಗೋಡೆಯಿಂದ ನೇರ ಬಂದು, ಎರಡು ಸಲ ಕುಪ್ಪಳಿಸಿ, ಮುದ್ದೆಗೆ ಕೊಕ್ಕು ಹಾಕಿತು. ಆಮೇಲೆ ವಡೆಯನ್ನು ಪೂರ್ತಿ ಎತ್ತಿಕೊಂಡು ತಾಳದ ಪಕ್ಕ ಇಟ್ಟು ನಿಧಾನವಾಗಿ ತಿನ್ನತೊಡಗಿತು. ಸುತ್ತ ಜನ ಉಸಿರು ಬಿಟ್ಟರು, ಅತ್ತರು, ಎಲೆ ಅಡಿಕೆ ಹುಡುಕಿದರು, ನರೇಶನ ಬೆನ್ನು ತಟ್ಟಿದರು. ಮುನಿಯಕ್ಕ ಅವಳ ಪಕ್ಕಕ್ಕೆ ಬಂದು ಕಣ್ಣು ಕಿರಿದು ಮಾಡಿದಳು. "ನೀನು ಎದ್ದೆ, ಅದು ಬಂತು. ಏನು ಏಳ್ಬೇಕು ಅಂತಿದ್ದೆ ತಾಯಿ?"

"ಏನಿಲ್ಲ," ಅಂದಳು ಮಹಾಲಕ್ಷ್ಮಿ.

ಅಂದ ಕೂಡಲೇ ಅವಳ ಮುಖ ಸುಟ್ಟ ಹಾಗಾಯಿತು. ಎಷ್ಟು ಸುಲಭವಾಗಿ ಬಂದುಬಿಟ್ಟಿತು. ಯಾರೂ ಕೇಳಿಸಿಕೊಂಡಿಲ್ಲ, ಹಾಗಾಗಿ ಮಾತು ಕೊಟ್ಟಿಲ್ಲ. ಜೀಪು ಹತ್ತಿ ಹೋಗಬಹುದು, ಕಾಗೆ ಮುಟ್ತಾ ಅಂತ ಮುನೀಂದ್ರ ಕೇಳುತ್ತಾನೆ, ಮುಟ್ತು ಅನ್ನಬಹುದು. ಆದರೆ ಆಡದೆ ಇದ್ದದ್ದನ್ನೇ ನಂಬಿ ಅದು ಇಳಿದು ಬಂದಿತ್ತು. ಅಜ್ಜನ ಪದ್ಯಗಳಲ್ಲಿ ಸಹ ಇಷ್ಟು ನಂಬಿಕೆಯನ್ನು ಅವಳು ಕೇಳಿರಲಿಲ್ಲ. ಎಡೆಯ ಬಳಿ ಅದು ಇನ್ನೂ ತಿನ್ನುತ್ತಿತ್ತು, ಅವಳ ಕಡೆ ನೋಡುವ ಅಗತ್ಯವೇ ಇಲ್ಲ ಎಂಬಷ್ಟು ನೆಮ್ಮದಿಯಿಂದ.

ಜನ ಖಾಲಿ ಚೊಂಬುಗಳನ್ನೆತ್ತಿಕೊಂಡು ಹೈವೇ ಕಡೆಯ ಸಂದಿಗೆ ಹೊರಟರು. ಮಂಡಿ ನೋವಿನ ಕೃಷ್ಣಮ್ಮ ನಡೆಯಲಾರದೆ ಹಿಂದುಳಿದಿದ್ದಳು. ಅಲ್ಲಿಂದ ಶೆಡ್ಡಿನ ಮಾಡಿನ ಆಚೆ ಅವಳ ಮನೆಯ ತೆಂಗಿನಮರದ ಸುಳಿ ಕಾಣುತ್ತಿತ್ತು. ಅಷ್ಟು ಹತ್ತಿರ. ಮಹಾಲಕ್ಷ್ಮಿ ಸಂದಿಯ ಕಡೆಗೆ ಹೋಗಲಿಲ್ಲ. ಗೋಡೆಯ ಕಡೆ ನಡೆದು ತಗಡಿನ ಗೇಟನ್ನು ಅಂಗೈಯಿಂದ ಬಡಿದಳು. ಒಳಗೆ ಯಾರಿಗೂ ಕೇಳಿಸಲಿಲ್ಲ. ಕಲ್ಲು ತೆಗೆದುಕೊಂಡು ಬಡಿದಳು. ಚಿಲಕ ಸರಿಯಿತು, ಮೂಗಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಕೆಲಸಗಾರ ಇಣುಕಿದ, ಆಯುಧಪೂಜೆಯ ದಿನ ಸ್ವೀಟು ಹಂಚುವ ಓನರ್ ಮೇಡಂ ಬರಿಗಾಲಲ್ಲಿ ಸ್ಮಶಾನದ ಕಡೆಯಿಂದ ಬಂದದ್ದನ್ನು ಕಂಡು ಬಟ್ಟೆ ಕೆಳಗೆಳೆದುಕೊಂಡ.

"ಎರಡೂ ಗೇಟು ಪೂರ್ತಿ ತೆಗೀರಿ," ಅಂದಳು. "ಹಿಂದಿಂದೂ, ಮುಂದಿಂದೂ. ಇನ್ಮೇಲೆ ಹಾಕ್ಬೇಡಿ."

ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಹಾಲು ತುಪ್ಪ ಬಿಟ್ಟು ಬಂದ ಕಾಲುಗಳು ಇನ್ನೂ ಮೈಲಿಗೆಯವು. ಪ್ರತಿ ಶುಕ್ರವಾರ ಕುಂಬಳಕಾಯಿ ಒಡೆದು ಕಾಯ್ದುಕೊಂಡ ಶೆಡ್ಡು ಇದು. ಮುನೀಂದ್ರ ಇದನ್ನು ಕ್ಷಮಿಸುವುದಿಲ್ಲ. ತಿಳಿದೇ ಅವಳು ಹಿಂದಕ್ಕೆ ಹೋಗಿ ಕೃಷ್ಣಮ್ಮನ ಕೈ ಹಿಡಿದಳು. ಮುದುಕಿ ಒಂದು ಕ್ಷಣ ಗೇಟನ್ನೂ ಅವಳನ್ನೂ ನೋಡಿದಳು, ಅವಳ ಕೈಮೇಲೆ ಭಾರ ಬಿಟ್ಟಳು. ಸಂದಿಯಲ್ಲಿ ಅರ್ಧ ಹೋಗಿದ್ದವರು ಹಿಂದಿರುಗಿ ನೋಡಿದರು. ಮುನಿಯಕ್ಕ ಮೊದಲು ವಾಪಸು ಬಂದಳು, ಅವಳ ಹಿಂದೆ ಸೋಮಪ್ಪ, ನರೇಶ, ಒಬ್ಬರ ಹಿಂದೆ ಒಬ್ಬರು ಎಲ್ಲರೂ.

ಒಳಗೆ ಕಬ್ಬಿಣಕ್ಕೆ ಬಣ್ಣದ ಪುಡಿ ಊದುವ ಕೆಲಸ ನಡೆದಿತ್ತು. ಸರಪಳಿಯಿಂದ ಇಳಿಬಿಟ್ಟ ಕಿಟಕಿಯ ಚೌಕಟ್ಟುಗಳು ನೀಲಿಯಾಗಿ, ಹಸಿರಾಗಿ ತೂಗುತ್ತಿದ್ದವು. ಗಾಳಿಯಲ್ಲಿ ನಿಂತ ನೀಲಿ ಪುಡಿಯ ಮೇಲೆ ಮಾಡಿನ ಗಾಜಿನಿಂದ ಬಿಸಿಲು ಕಂಬದ ಹಾಗೆ ಬಿದ್ದಿತ್ತು. ಎಲ್ಲೆಲ್ಲಿಂದಲೋ ಬಂದು ಇಲ್ಲಿ ಕೆಲಸ ಮಾಡುವ ಹುಡುಗರು ಇದು ಏನೆಂದು ಕೇಳಲಿಲ್ಲ. ಒಬ್ಬ ಗಾಳಿಯಂತ್ರ ನಿಲ್ಲಿಸಿದ. ಎಲ್ಲರೂ ಗೋಡೆಗೆ ಸರಿದು ನಿಂತು, ಚಪ್ಪಲಿ ಕಳಚಿದರು. ಆ ನಿಶ್ಶಬ್ದದಲ್ಲಿ ಬರಿಗಾಲುಗಳ ಸದ್ದು, ಚೊಂಬಿಗೆ ಬಳೆ ತಾಗುವ ಸದ್ದು. ನೀಲಿ ಪುಡಿ ಹರಡಿದ ನೆಲದ ಮೇಲೆ ಹೆಜ್ಜೆಗಳು ಮೂಡುತ್ತ ಹೋದವು. ಈ ಕಾಂಕ್ರೀಟಿನ ಕೆಳಗೆ ಗಾಡಿಯ ಚಕ್ರಗಳು ಕೊರೆದ ದಾರಿ ಹಾಗೇ ಇದೆ, ತಾವೆಲ್ಲ ಅದರ ಮೇಲೇ ನಡೆಯುತ್ತಿದ್ದೇವೆ, ಈ ಹೊತ್ತು ಇನ್ನೊಬ್ಬನೂ ತಮ್ಮ ಮಧ್ಯೆ ಎಲ್ಲೋ ತಾಳ ಹಿಡಿದು ನಡೆಯುತ್ತಿದ್ದಾನೆ ಅನ್ನಿಸಿ ಅವಳಿಗೆ ಹಿಂದಿರುಗಿ ನೋಡುವ ಧೈರ್ಯವಾಗಲಿಲ್ಲ. ಎದುರಿಗೆ ಮುಂದಿನ ಗೇಟು ಕಿರುಗುಟ್ಟುತ್ತ ತೆರೆಯಿತು.

ಹೊರಗೆ ಜೀಪಿನ ಪಕ್ಕ ಮುನೀಂದ್ರ ಫೋನು ಕಿವಿಗೆ ಹಿಡಿದು ನಿಂತಿದ್ದ. ಪಕ್ಕದ ಬೀದಿಯಲ್ಲಿ ಆಟೋದ ಮೈಕು ಅವಳ ಹೆಸರನ್ನು ಕೂಗುತ್ತಿತ್ತು. ಅವಳ ಬ್ಯಾಗಿನಲ್ಲಿ ಫೋನು ಗುರ್ರೆನ್ನುತ್ತಲೇ ಇತ್ತು. ತನ್ನ ಶೆಡ್ಡಿನೊಳಗಿನಿಂದ ಹೆಂಡತಿಯೂ ಅವಳ ಹಿಂದೆ ಒಂದಿಡೀ ಸಾವಿನ ಮನೆಯೂ ಹೊರಬರುವುದನ್ನು ಅವನು ನೋಡಿದ. ಕಿವಿಯಿಂದ ಫೋನು ನಿಧಾನವಾಗಿ ಕೆಳಗಿಳಿಯಿತು. ಅವನ ಮುಖದಲ್ಲಿ ಬರಬೇಕಾದ ಸಿಟ್ಟು ಇನ್ನೂ ಬಂದಿರಲಿಲ್ಲ. ಬರುತ್ತದೆ, ರಾತ್ರಿಯೊಳಗೆ ಬಂದೇ ಬರುತ್ತದೆ. ಸದ್ಯಕ್ಕೆ ಅವನು ಜನರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಕೃಷ್ಣಮ್ಮನನ್ನು ಮನೆಯ ಹೊಸಿಲವರೆಗೆ ತಂದು ಬಿಟ್ಟಳು. ಕೈ ಜೋಡಿಸಿದಳು. ನಾಲಿಗೆ ತುದಿಗೆ ಮಾತು ಬಂತು, ಬಾಯಿ ಬಿಗಿದು, ಯಾರ ಮುಖವನ್ನೂ ನೋಡದೆ ತಿರುಗಿದಳು. ಅವಳ ನೀಲಿ ಹತ್ತಿದ ಕಾಲುಗಳು ಜೀಪಿನ ಕಡೆಗೆ ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಕೃಷ್ಣಮ್ಮನ ದನಿ ಕೇಳಿಸಿತು. ಬೆಳಗಿನಿಂದ ಆ ಹೆಂಗಸು ಆಡಿದ ಮೊದಲ ಮಾತು.

"ಅವತ್ತು ಬರ್ತೀನಿ ಅಂದ್ಯಲ್ಲವ್ವ. ನಾನು ಓಗೋ ದಿನ ಬಾ. ಈ ದಾರೀಲೇ ಬಾ."